ಮೈಯ ನೆನಪು, ಮೈಯ ಮರೆವು: ಟಿ-ಕೋಶಗಳ ಸ್ಮೃತಿಯನ್ನು ರೂಪಿಸುವ ಪ್ರೋಟೀನುಗಳು

ಒಮ್ಮೆ ಅಮ್ಮ ಬಂದು ಹೋದವರಿಗೆ ಮತ್ತೆ ಅಮ್ಮ ಬರುವುದಿಲ್ಲ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳದವರು ನಮ್ಮಲ್ಲಿ ವಿರಳ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆಯ ಸದ್ದಿಲ್ಲದಂತೆ ಅಡುಗೆ ಮಾಡಿ, ಮಗುವಿಗೆ ತಲೆಗೆ ನೀರೆರೆಯುವ ದಿನಕ್ಕಾಗಿ ಕಾಯುತ್ತಿದ್ದ ಆ ಮನೆಗಳಲ್ಲಿ ರೋಗವಿಜ್ಞಾನದ ಪಾಠ ಯಾರಿಗೂ ಆಗಿರಲಿಲ್ಲ. ಆದರೂ ಒಂದು ಸತ್ಯ ಅವರಿಗೆ ತಿಳಿದಿತ್ತು. ಆದುದರಿಂದಲೇ ರೋಗಿಯ ಆರೈಕೆಗೆ ಮೊದಲೇ ಅಮ್ಮ ಆಗಿಹೋದವರನ್ನು ಕರೆಯುತ್ತಿದ್ದರು. ದೇಹವು ತಾನು ಒಮ್ಮೆ ಎದುರಿಸಿದ ಶತ್ರುವನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದೇ ಆ ಸತ್ಯ.

ಈ ನಂಬಿಕೆಗೆ ನಮ್ಮ ಮನೆಯಲ್ಲಿಯೇ ಒಂದು ಪೆಟ್ಟು ಬಿದ್ದಿತು. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಒಂದು ಮುಂಜಾನೆ ಬೆನ್ನಿನಿಂದ ಪಕ್ಕೆಯ ಕಡೆಗೆ ಸಾಲಾಗಿ ಉರಿಯುವ ಗುಳ್ಳೆಗಳು ಎದ್ದವು. ಊರಿನಿಂದ ಫೋನಿನಲ್ಲಿ ಬಂದ ಸಲಹೆಯಂತೆ ಕೆಮ್ಮಣ್ಣು ಬರೆಸಿ, ಹಾವಿನ ತಲೆ ಬಾಲ ಕೂಡದಂತೆ ನೋಡಿಕೊಳ್ಳುವುದರಲ್ಲಿ ನಾವು ನಾಲ್ಕು ದಿನಗಳನ್ನು ಕಳೆದೆವು. ಐದನೆಯ ದಿನ ವೈದ್ಯರು ಸರ್ಪಸುತ್ತು ಎಂದು ಗುರುತಿಸಿ, ಮೊದಲ ಮೂರು ದಿನಗಳೊಳಗೆ ಔಷಧ ಆರಂಭವಾಗಿದ್ದರೆ ಒಳ್ಳೆಯದಿತ್ತು ಎಂದರು. ಗುಳ್ಳೆಗಳು ಮಾಯ್ದವು, ನೋವು ಮಾತ್ರ ಬಹುಕಾಲ ಉಳಿಯಿತು. "ನನಗೆ ಎಂಟು ವರ್ಷಕ್ಕೇ ಅಮ್ಮ ಆಗಿಹೋಗಿದೆಯಲ್ಲ, ಮತ್ತೆ ಹೇಗೆ ಬಂತು?" ಎಂದು ತಾಯಿಯವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂಕಿ-ಅಂಶಗಳ ನಡುವೆ ಉದ್ಯೋಗ, ಓದಿದ್ದು ಕಲಾವಿಭಾಗ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಬಿಡುವಿನಲ್ಲಿ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಓದುಗ ಬಾಂಧವರ ಮುಂದಿಡುವ ಪ್ರಯತ್ನವಿದು.

ನೆನಪಿನ ಹಳೆಯ ಸಾಕ್ಷ್ಯಗಳು

ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸ್ ನಗರಕ್ಕೆ ಎರಗಿದ ಮಹಾಮಾರಿಯನ್ನು ವರ್ಣಿಸುತ್ತ ಇತಿಹಾಸಕಾರ ಥುಸಿಡಿಡೀಸ್, ಒಮ್ಮೆ ರೋಗದಿಂದ ಪಾರಾದವರು ಎರಡನೆಯ ಬಾರಿ ಅದಕ್ಕೆ ಬಲಿಯಾಗುತ್ತಿರಲಿಲ್ಲವೆಂದು ದಾಖಲಿಸಿದ್ದಾನೆ. ಇದಕ್ಕಿಂತ ಖಚಿತವಾದ ಸಾಕ್ಷ್ಯ ದೊರೆತದ್ದು 1846ರಲ್ಲಿ. ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಿಗೆ ಆ ವರ್ಷ ದಡಾರ ಬಂದು, ಸುಮಾರು 7,800 ನಿವಾಸಿಗಳಲ್ಲಿ ಆರು ಸಾವಿರದಷ್ಟು ಜನ ಹಾಸಿಗೆ ಹಿಡಿದರು. ಪರಿಶೀಲನೆಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ಒಂದು ವಿಚಿತ್ರವನ್ನು ಕಂಡರು. ಆ ದ್ವೀಪಗಳಿಗೆ ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಆಗ ಬಾಲ್ಯದಲ್ಲಿ ರೋಗ ಅನುಭವಿಸಿದ್ದ ವೃದ್ಧರಲ್ಲಿ ಒಬ್ಬರಿಗೂ ಈ ಬಾರಿ ಅದು ತಗುಲಲಿಲ್ಲ. ನಡುವೆ ಅರವತ್ತೈದು ವರ್ಷ ಆ ರೋಗದ ಸುಳಿವೇ ಇರದಿದ್ದರೂ ದೇಹ ಮರೆತಿರಲಿಲ್ಲ.

ಈ ನೆನಪನ್ನು ರೋಗವಿಲ್ಲದೆಯೇ ಉಂಟುಮಾಡುವ ಉಪಾಯವೇ ಲಸಿಕೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದರು. ಭಾರತದಲ್ಲಿ ಅದನ್ನು ಮೊದಲು ಹಾಕಿಸಿಕೊಂಡದ್ದು ಮುಂಬಯಿಯಲ್ಲಿದ್ದ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ದಿನಾಂಕ 14 ಜೂನ್ 1802. ಕೆಲವೇ ವರ್ಷಗಳಲ್ಲಿ ಅದು ಮೈಸೂರಿನ ಅರಮನೆಯನ್ನೂ ತಲುಪಿತು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ರಚಿಸಿದ ಒಂದು ತೈಲಚಿತ್ರದಲ್ಲಿರುವವರು ಮೈಸೂರಿನ ರಾಣಿಯರೆಂದೂ, ಅವರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ಚಿತ್ರದ ಉದ್ದೇಶ ಲಸಿಕೆಯ ಪ್ರಚಾರವೆಂದೂ ಇತಿಹಾಸಕಾರರು ಗುರುತಿಸಿದ್ದಾರೆ. ಆದರೆ ಈ ನೆನಪು ದೇಹದಲ್ಲಿ ಎಲ್ಲಿ ಅಡಗಿದೆ ಎಂಬುದು ಜೆನ್ನರರಿಗಾಗಲಿ ಪಾನುಮರಿಗಾಗಲಿ ತಿಳಿದಿರಲಿಲ್ಲ.

ಟಿ-ಕೋಶವೆಂಬ ಸೈನಿಕ

ರೋಗನಿರೋಧಕ ಶಕ್ತಿ ಎಂದೊಡನೆ ನಮಗೆ ನೆನಪಾಗುವುದು ಪ್ರತಿಕಾಯಗಳು. ಕೋವಿಡ್ ಕಾಲದಲ್ಲಿ ಆ ಪದ ಮನೆಮಾತಾಯಿತು. ಪ್ರತಿಕಾಯಗಳು ರಕ್ತದಲ್ಲಿ ತೇಲುತ್ತ ವೈರಸ್ಸನ್ನು ಹೊರಗೇ ಹಿಡಿಯುತ್ತವೆ. ಆದರೆ ವೈರಸ್ ಒಮ್ಮೆ ಜೀವಕೋಶದ ಒಳಗೆ ನುಸುಳಿತೆಂದರೆ ಅವುಗಳ ಕೈ ಅಲ್ಲಿಗೆ ಎಟುಕುವುದಿಲ್ಲ. ಆಗ ಕೆಲಸಕ್ಕೆ ಬರುವವು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು. ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವುದರಿಂದ ಅವಕ್ಕೆ ಆ ಹೆಸರು. ಬಹುಕಾಲ ನಿರುಪಯುಕ್ತವೆಂದೇ ಬಗೆಯಲಾಗಿದ್ದ ಈ ಗ್ರಂಥಿಯ ಮಹತ್ವವನ್ನು ಜಾಕ್ ಮಿಲ್ಲರ್ 1961ರಲ್ಲಿ ತೋರಿಸಿಕೊಟ್ಟರು.

ಟಿ-ಕೋಶಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಸಿ.ಡಿ.8 ಎಂಬ ಗುರುತುಳ್ಳವು ಸೋಂಕು ತಗುಲಿದ ಜೀವಕೋಶವನ್ನು ನೇರವಾಗಿ ಕೊಲ್ಲುತ್ತವೆ. ಸಿ.ಡಿ.4 ಗುರುತಿನವು ಉಳಿದ ಕೋಶಗಳಿಗೆ ಸೂಚನೆ, ಸಹಾಯ ನೀಡುತ್ತವೆ. ಪ್ರತಿಯೊಂದು ಟಿ-ಕೋಶವೂ ತನ್ನದೇ ಆದ ಒಂದು ಗ್ರಾಹಕವನ್ನು ಹೊತ್ತಿದ್ದು, ಅದಕ್ಕೆ ಹೊಂದುವ ಶತ್ರುವಿನ ಚೂರನ್ನು ಮಾತ್ರ ಗುರುತಿಸಬಲ್ಲದು. ಆದುದರಿಂದ ಯಾವುದೇ ಒಂದು ರೋಗಾಣುವನ್ನು ಗುರುತಿಸುವ ಕೋಶಗಳು ಆರಂಭದಲ್ಲಿ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದರಂತೆ ಇರುತ್ತವೆ. ಇನ್ನೂ ಶತ್ರುವನ್ನು ಕಾಣದ ಈ ಕೋಶಗಳನ್ನು ಅನನುಭವಿ ಕೋಶಗಳೆನ್ನೋಣ.

ಸೋಂಕು ತಗುಲಿದಾಗ ಈ ಅಲ್ಪಸಂಖ್ಯಾತ ಕೋಶಗಳು ದುಗ್ಧಗ್ರಂಥಿಗಳಲ್ಲಿ ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದೆರಡು ವಾರಗಳಲ್ಲಿ ಸಾವಿರಾರು ಪಟ್ಟು ಬೆಳೆಯುತ್ತವೆ. ಹೀಗೆ ಹುಟ್ಟಿದ ಯೋಧ ಕೋಶಗಳು ದೇಹದಾದ್ಯಂತ ಹರಡಿ ಕಾದಾಡುತ್ತವೆ. ಯುದ್ಧ ಮುಗಿದ ಮೇಲೆ ಅಷ್ಟು ದೊಡ್ಡ ಸೈನ್ಯವನ್ನು ಸಾಕುವುದು ದೇಹಕ್ಕೆ ಹೊರೆಯೂ ಹೌದು, ಅಪಾಯವೂ ಹೌದು. ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಯೋಧರು ಸಾಯುತ್ತಾರೆ. ಉಳಿಯುವ ಬೆರಳೆಣಿಕೆಯವರೇ ಸ್ಮೃತಿ ಟಿ-ಕೋಶಗಳು. ಅದೇ ಶತ್ರು ಮತ್ತೆ ಬಂದರೆ ಇವು ವಾರಗಟ್ಟಲೆ ಕಾಯದೆ, ಗಂಟೆ ದಿನಗಳ ಲೆಕ್ಕದಲ್ಲಿ ಎದ್ದು ನಿಲ್ಲುತ್ತವೆ.

ಈ ನೆನಪು ಎಷ್ಟು ಕಾಲ ಬಾಳುತ್ತದೆ? 2003ರಲ್ಲಿ ಸಾರ್ಸ್ ರೋಗದಿಂದ ಗುಣವಾದವರ ರಕ್ತವನ್ನು ಸಿಂಗಪುರದ ವಿಜ್ಞಾನಿಗಳು 2020ರಲ್ಲಿ ಪರೀಕ್ಷಿಸಿದಾಗ, ಹದಿನೇಳು ವರ್ಷಗಳ ಅನಂತರವೂ ಆ ವೈರಸ್ಸನ್ನು ಗುರುತಿಸುವ ಸ್ಮೃತಿ ಟಿ-ಕೋಶಗಳು ಅವರಲ್ಲಿದ್ದವು. ಸಿಡುಬಿನ ಲಸಿಕೆ ಹಾಕಿಸಿಕೊಂಡವರಲ್ಲಿ ಟಿ-ಕೋಶಗಳ ನೆನಪು ಎಂಟರಿಂದ ಹದಿನೈದು ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತು. ನಿಧಾನವಾಗಿ ಸವೆಯುತ್ತದೆ, ಆದರೆ ದಶಕಗಳವರೆಗೆ ಉಳಿಯುತ್ತದೆ ಎಂದಾಯಿತು.

ನೆನಪಿನಲ್ಲಿಯೂ ಬಗೆಗಳು

ಸ್ಮೃತಿ ಕೋಶಗಳೆಲ್ಲವೂ ಒಂದೇ ಬಗೆಯವಲ್ಲವೆಂಬುದನ್ನು 1999ರಲ್ಲಿ ಫೆಡೆರಿಕಾ ಸಲ್ಲುಸ್ಟೋ, ಆಂಟೋನಿಯೋ ಲಾಂಜಾವೆಕಿಯಾ ಮತ್ತು ಸಂಗಡಿಗರು ಮನುಷ್ಯರ ರಕ್ತದಲ್ಲಿಯೇ ತೋರಿಸಿದರು. ಕೇಂದ್ರ ಸ್ಮೃತಿ ಕೋಶಗಳು ದುಗ್ಧಗ್ರಂಥಿಗಳನ್ನು ಸುತ್ತಿ ಬರುತ್ತ, ಕರೆ ಬಂದಾಗ ಹೇರಳವಾಗಿ ವೃದ್ಧಿಯಾಗುತ್ತವೆ. ಯೋಧ ಸ್ಮೃತಿ ಕೋಶಗಳು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಸಂಚರಿಸುತ್ತ, ಕಂಡೊಡನೆ ಹೊಡೆಯುತ್ತವೆ. ಆದರೆ ಅವುಗಳಿಗೆ ವೃದ್ಧಿಯಾಗುವ ಶಕ್ತಿ ಕಡಿಮೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ನಿಶ್ಚಿತ ಠೇವಣಿ, ಎರಡನೆಯದು ಕೈಯಲ್ಲಿರುವ ನಗದು. ಆಪತ್ಕಾಲಕ್ಕೆ ಎರಡೂ ಬೇಕು.

ಮುಂದೆ ಈ ಪಟ್ಟಿ ಬೆಳೆಯಿತು. ಚರ್ಮ, ಶ್ವಾಸಕೋಶ, ಕರುಳುಗಳಲ್ಲಿಯೇ ಬೀಡುಬಿಟ್ಟು ರಕ್ತಕ್ಕೆ ಮರಳದ ನಿವಾಸಿ ಸ್ಮೃತಿ ಕೋಶಗಳು ಪತ್ತೆಯಾದವು. 2011ರಲ್ಲಿ ಮನುಷ್ಯರಲ್ಲಿ ಕಾಂಡಸದೃಶ ಸ್ಮೃತಿ ಕೋಶಗಳನ್ನು ಗುರುತಿಸಲಾಯಿತು. ಇವು ಮೂಲಧನವಿದ್ದಂತೆ: ತಮ್ಮನ್ನು ತಾವು ನವೀಕರಿಸಿಕೊಳ್ಳುತ್ತ, ಉಳಿದ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲವು. ಇನ್ನೊಂದು ತುದಿಯಲ್ಲಿ, ಹೊಡೆಯುವ ಸಾಮರ್ಥ್ಯವಿದ್ದರೂ ಮುಂದಕ್ಕೆ ವೃದ್ಧಿಯಾಗಲಾರದಷ್ಟು ಮುಂದುವರಿದ ಕೋಶಗಳೂ ಇವೆ.

ಇಲ್ಲಿಯೇ ನಿಜವಾದ ಪ್ರಶ್ನೆ ಹುಟ್ಟುವುದು. ಒಂದೇ ತಾಯಿಕೋಶದ ಮಕ್ಕಳಲ್ಲಿ ಒಬ್ಬ ಯುದ್ಧದಲ್ಲಿ ಮಡಿಯುವ ಸೈನಿಕನಾಗುತ್ತಾನೆ, ಮತ್ತೊಬ್ಬ ದಶಕಗಳ ಕಾಲ ಕಾಯುವ ಕಾವಲುಗಾರನಾಗುತ್ತಾನೆ. ಇದನ್ನು ನಿರ್ಧರಿಸುವವರು ಯಾರು?

ಪುಸ್ತಕ ಒಂದೇ, ತೆರೆಯುವ ಪುಟ ಬೇರೆ

ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿರುವ ಡಿ.ಎನ್.ಎ. ಒಂದೇ. ಸುಮಾರು ಎರಡು ಮೀಟರ್ ಉದ್ದದ ಆ ಎಳೆಯಲ್ಲಿ ಪ್ರೋಟೀನು ತಯಾರಿಸುವ ಇಪ್ಪತ್ತು ಸಾವಿರದಷ್ಟು ಜೀನುಗಳಿವೆ. ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಗ್ರಂಥ ಒಂದೇ ಆದರೂ ಓದುವ ಅಧ್ಯಾಯಗಳು ಬೇರೆ. ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಧರಿಸುವ ಪ್ರೋಟೀನುಗಳಿವೆ. ಇವು ಡಿ.ಎನ್.ಎ.ಯ ಮೇಲೆ ನಿರ್ದಿಷ್ಟ ಅಕ್ಷರಗಳ ಸಾಲನ್ನು ಹುಡುಕಿ ಅಲ್ಲಿ ಕುಳಿತು, ಪಕ್ಕದ ಜೀನಿನ ನಕಲು ತೆಗೆಯುವ ಕಾರ್ಯವನ್ನು ಚುರುಕುಗೊಳಿಸುತ್ತವೆ ಅಥವಾ ತಡೆಯುತ್ತವೆ. ಇವುಗಳಿಗೆ ವಿಜ್ಞಾನಿಗಳು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ನಾವು ಇಲ್ಲಿ ಪ್ರತಿಲೇಖನ ಕಾರಕ, ಚಿಕ್ಕದಾಗಿ ಕಾರಕ ಎಂದು ಕರೆಯೋಣ. ಮನುಷ್ಯನಲ್ಲಿ ಇಂತಹವು ಸುಮಾರು 1,600 ಇವೆ. ಟಿ-ಕೋಶದ ಭವಿಷ್ಯವನ್ನು ಬರೆಯುವುದರಲ್ಲಿ ಅವುಗಳಲ್ಲಿ ಕೆಲವು ಪ್ರಧಾನ ಪಾತ್ರ ವಹಿಸುತ್ತವೆ.

ಸ್ಥೂಲವಾಗಿ ಇವುಗಳನ್ನು ಎರಡು ಪಕ್ಷಗಳೆಂದು ಭಾವಿಸಬಹುದು. ಒಂದು ಕಾಪಿಡುವ ಪಕ್ಷ, ಇನ್ನೊಂದು ಕಾದಾಡಿಸುವ ಪಕ್ಷ.

ಕಾಪಿಡುವ ಪಕ್ಷದ ನಾಯಕ ಟಿ.ಸಿ.ಎಫ್.-1. ಅನನುಭವಿ ಕೋಶ, ಕಾಂಡಸದೃಶ ಸ್ಮೃತಿ ಕೋಶ ಮತ್ತು ಕೇಂದ್ರ ಸ್ಮೃತಿ ಕೋಶಗಳಲ್ಲಿ ಇದು ಹೇರಳ. ಕಾದಾಟದಲ್ಲಿ ಮುಂದುವರಿದ ಕೋಶಗಳಲ್ಲಿ ತೀರ ಕಡಿಮೆ. ಇದಿಲ್ಲದ ಇಲಿಗಳಲ್ಲಿ ಯೋಧರು ಹುಟ್ಟಿದರೂ ಒಳ್ಳೆಯ ನೆನಪು ಉಳಿಯುವುದಿಲ್ಲವೆಂದು 2010ರಲ್ಲಿ ಗೊತ್ತಾಯಿತು. ಇದರ ಒಡಹುಟ್ಟಿನಂತಿರುವುದು ಎಲ್.ಇ.ಎಫ್.-1. ಇವುಗಳ ಬೆನ್ನಿಗೆ ನಿಲ್ಲುವುದು ಫಾಕ್ಸೋ-1. ಟಿ.ಸಿ.ಎಫ್.-1ರ ಜೀನನ್ನೂ, ದುಗ್ಧಗ್ರಂಥಿಗೆ ದಾರಿ ತೋರುವ ಗುರುತುಗಳ ಜೀನುಗಳನ್ನೂ, ಬದುಕುಳಿಯಲು ಬೇಕಾದ ಐ.ಎಲ್.-7 ಎಂಬ ಸಂದೇಶವನ್ನು ಆಲಿಸುವ ಗ್ರಾಹಕದ ಜೀನನ್ನೂ ಇದು ತೆರೆದಿಡುತ್ತದೆ. ಬ್ಯಾಕ್-2 ಎಂಬ ಮತ್ತೊಂದು ಕಾರಕದ ರೀತಿ ಇನ್ನೂ ಸ್ವಾರಸ್ಯಕರ. ಯುದ್ಧದ ಜೀನುಗಳನ್ನು ಎಬ್ಬಿಸಬೇಕಾದ ಕಾರಕಗಳು ಕೂರುವ ಜಾಗದಲ್ಲಿ ತಾನೇ ಹೋಗಿ ಕುಳಿತು, ಅವುಗಳಿಗೆ ಎಡೆಯಿಲ್ಲದಂತೆ ಮಾಡುತ್ತದೆ.

ಎದುರು ಪಕ್ಷದ ಪ್ರಮುಖ ಟಿ-ಬೆಟ್. ಲಾರಿ ಗ್ಲಿಂಚರ್ ಅವರ ತಂಡ 2000ದಲ್ಲಿ ಇದನ್ನು ಪತ್ತೆಹಚ್ಚಿತು. ಸೋಂಕಿನಿಂದ ಉರಿಯೂತ ಹೆಚ್ಚಿದಂತೆ ಐ.ಎಲ್.-12ರಂತಹ ಸಂದೇಶಗಳು ಟಿ-ಬೆಟ್ಟನ್ನು ಏರಿಸುತ್ತವೆ. ಅದು ಕೋಶವನ್ನು ಯೋಧತ್ವದ ಕಡೆಗೆ ತಳ್ಳುತ್ತದೆ. ಜೆಬ್-2 ಅದರ ಸಹಾಯಕ. ಬ್ಲಿಂಪ್-1 ಕೋಶವನ್ನು ಅಂತಿಮ ಹಂತಕ್ಕೆ ಕೊಂಡೊಯ್ಯುತ್ತ ಟಿ.ಸಿ.ಎಫ್.-1ರ ಬಾಯಿ ಮುಚ್ಚಿಸುತ್ತದೆ. ಟಿ-ಬೆಟ್ಟಿನ ಹತ್ತಿರದ ಬಂಧುವಾದ ಈಓಮೀಸ್ ಮಾತ್ರ ನಡುವಿನವನು. ಯೋಧನ ಅಸ್ತ್ರಗಳನ್ನೂ ಸಜ್ಜುಗೊಳಿಸುತ್ತದೆ, ದೀರ್ಘಕಾಲ ಬಾಳುವ ನೆನಪಿಗೂ ನೆರವಾಗುತ್ತದೆ. ಅಂಗಾಂಶಗಳಲ್ಲಿ ನೆಲೆಸುವ ನಿವಾಸಿ ಕೋಶಗಳಿಗೆ ರಂಕ್ಸ್-3 ಎಂಬ ಕಾರಕ ಮುಖ್ಯ.

ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಗೆಲುವು ಸೋಲುಗಳು ದೀಪದ ಗುಂಡಿಯನ್ನು ಒತ್ತಿದಂತೆ ಅಲ್ಲ; ತಕ್ಕಡಿಯ ತೂಕದಂತೆ. ಟಿ-ಬೆಟ್ ಬಹಳವಾದರೆ ಕೋಶ ಕಾದಾಡಿ ಸಾಯುತ್ತದೆ. ಸ್ವಲ್ಪವೇ ಇದ್ದರೆ ಉಳಿದು ನೆನಪಾಗುತ್ತದೆ. ಇದು 2007ರಲ್ಲಿ ಇಲಿಗಳಲ್ಲಿ ಕಂಡ ಸತ್ಯ. ಈ ತೂಕವನ್ನು ಬದಲಿಸುವವು ಹೊರಗಿನ ಸನ್ನಿವೇಶಗಳು: ಶತ್ರುವಿನ ಚೂರು ಎಷ್ಟು ಬಲವಾಗಿ, ಎಷ್ಟು ಹೊತ್ತು ಕಾಣಿಸಿತು, ಸುತ್ತ ಉರಿಯೂತ ಎಷ್ಟಿತ್ತು, ಯಾವ ಸಂದೇಶಗಳು ಕಿವಿಗೆ ಬಿದ್ದವು. ಪ್ರಬಲವಾದ ಸಂಕೇತ ಬಂದಾಗ ಫಾಕ್ಸೋ-1 ಕೋಶಕೇಂದ್ರದಿಂದ ಹೊರದೂಡಲ್ಪಡುತ್ತದೆ. ಡಿ.ಎನ್.ಎ. ಇರುವುದು ಕೋಶಕೇಂದ್ರದಲ್ಲಿ, ಹೊರಗೆ ಹೋದ ಕಾರಕ ಪುಟ ತೆರೆಯಲಾರದು. ಸಂಕೇತ ತಗ್ಗಿದಾಗ ಅದು ಒಳಗೆ ಮರಳಿ ಮತ್ತೆ ಕಾಪಿಡುವ ಜೀನುಗಳನ್ನು ತೆರೆಯುತ್ತದೆ. ಹೊರಗಿನ ಲೋಕದ ಗದ್ದಲವನ್ನು ಕೋಶದೊಳಗಿನ ಗ್ರಂಥಕ್ಕೆ ತಲುಪಿಸುವ ದೂತರು ಈ ಕಾರಕಗಳೇ.

ಹಳದಿ ಜ್ವರದ ಲಸಿಕೆ ಕಲಿಸಿದ ಪಾಠ

ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಅನ್ವಯಿಸುತ್ತದೆಯೇ? ಮನುಷ್ಯರಿಗೆ ಬೇಕೆಂದು ಸೋಂಕು ತಗುಲಿಸಿ ನೋಡುವುದು ಸಾಧ್ಯವಿಲ್ಲ. ಇಲ್ಲಿ ನೆರವಿಗೆ ಬಂದದ್ದು ಹಳದಿ ಜ್ವರದ ಲಸಿಕೆ. ಆಫ್ರಿಕಾದ ಹಲವು ದೇಶಗಳಿಗೆ ಉದ್ಯೋಗಕ್ಕೆ ಹೋಗಿ ಬಂದ ನಮ್ಮ ಬಂಧುಗಳ ಪಾಸ್‌ಪೋರ್ಟಿನೊಳಗೆ ಇದರ ಹಳದಿ ಪ್ರಮಾಣಪತ್ರವನ್ನು ಅನೇಕರು ನೋಡಿರಬಹುದು. ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಸಿದ್ಧಪಡಿಸಿದ, ಅವರಿಗೆ 1951ರಲ್ಲಿ ನೊಬೆಲ್ ತಂದುಕೊಟ್ಟ ಈ ಲಸಿಕೆಯಲ್ಲಿರುವುದು ಪಳಗಿಸಿದ ಜೀವಂತ ವೈರಸ್. ಒಂದೇ ಚುಚ್ಚುಮದ್ದು ಜೀವಮಾನಕ್ಕೆ ಸಾಕೆಂದು 2016ರಿಂದ ಅದರ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ದೊರೆತಿದೆ. ಆ ರೋಗವಿಲ್ಲದ ದೇಶದಲ್ಲಿ ಈ ಲಸಿಕೆ ಪಡೆದವರ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿದರೆ, ನೆನಪು ಹುಟ್ಟಿ ಬೆಳೆಯುವ ಪೂರ್ಣ ಚಿತ್ರ ದೊರೆಯುತ್ತದೆ.

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಟಿ-ಕೋಶಗಳ ಸ್ಮೃತಿಯ ಅಧ್ಯಯನಕ್ಕೆ ಹೆಸರಾದ ರಫಿ ಅಹ್ಮದ್ ಅವರು, ರಮಾ ಅಕೊಂಡಿ ಮತ್ತಿತರ ಸಹೋದ್ಯೋಗಿಗಳೊಡನೆ 2017ರಲ್ಲಿ ಅಂತಹ ಅಧ್ಯಯನವೊಂದನ್ನು ಪ್ರಕಟಿಸಿದರು. ಲಸಿಕೆ ಪಡೆದ ಸ್ವಯಂಸೇವಕರು ಮೊದಲ ಎರಡು ವಾರ ಅಲ್ಪ ಪ್ರಮಾಣದಲ್ಲಿ ಭಾರಜಲವನ್ನು ಕುಡಿದರು. ಆ ಅವಧಿಯಲ್ಲಿ ವಿಭಜನೆಗೊಂಡ ಕೋಶಗಳ ಡಿ.ಎನ್.ಎ.ಯಲ್ಲಿ ಅದರ ಗುರುತು ಸೇರಿಕೊಳ್ಳುತ್ತದೆ. ಮುಂದೆ ಕೋಶ ವಿಭಜಿಸಿದಷ್ಟೂ ಗುರುತು ತೆಳುವಾಗುತ್ತದೆ. ಹೀಗೆ ಕೋಶಗಳ ವಯಸ್ಸಿನ ಲೆಕ್ಕ ಸಿಕ್ಕಿತು.

ಫಲಿತಾಂಶ ಬೆರಗು ಹುಟ್ಟಿಸುವಂತಹುದು. ವರ್ಷಗಳ ಅನಂತರ ಉಳಿದಿದ್ದ ಸ್ಮೃತಿ ಕೋಶಗಳು ಆ ಮೊದಲ ಎರಡು ವಾರಗಳ ಯುದ್ಧದಲ್ಲಿ ಭರದಿಂದ ವಿಭಜನೆಗೊಂಡವುಗಳ ಪೈಕಿಯವೇ ಆಗಿದ್ದವು. ಅಂದರೆ ಹಿಂದೆ ಸರಿದು ಕುಳಿತವರು ಕಾವಲುಗಾರರಾಗಿರಲಿಲ್ಲ. ಕಾದಾಟವನ್ನು ಕಂಡವರೇ ಆಗಿದ್ದರು. ಬಳಿಕ ಅವು ಸರಾಸರಿ 450ಕ್ಕೂ ಹೆಚ್ಚು ದಿನಗಳಿಗೊಮ್ಮೆ ಮಾತ್ರ ವಿಭಜಿಸುವಷ್ಟು ಶಾಂತವಾಗಿದ್ದವು. ಹೊರನೋಟಕ್ಕೆ ಅಸ್ತ್ರಗಳನ್ನು ಕೆಳಗಿಟ್ಟಿದ್ದವು. ಆದರೆ ಯುದ್ಧದ ಜೀನುಗಳಿರುವ ಡಿ.ಎನ್.ಎ. ಭಾಗಗಳು, ಲಸಿಕೆ ಹಾಕಿ ಹತ್ತು ವರ್ಷ ಕಳೆದ ಮೇಲೂ ಸಡಿಲವಾಗಿ ತೆರೆದೇ ಇದ್ದವು. ಪುಸ್ತಕವನ್ನು ಕಪಾಟಿನಲ್ಲಿಟ್ಟರೂ ಬೇಕಾದ ಪುಟಕ್ಕೆ ಗುರುತಿನ ಚೀಟಿ ಇಟ್ಟಂತೆ. ಕರೆ ಬಂದೊಡನೆ ಕಾರಕಗಳು ನೇರವಾಗಿ ಆ ಪುಟಕ್ಕೇ ಹೋಗಬಹುದು. ಮೈಯ ನೆನಪೆಂದು ನಾವು ಕರೆಯುವುದರ ಒಂದು ಮುಖ್ಯ ಭಾಗ ಇದೇ.

ಮನುಷ್ಯ ಇಲಿಯಲ್ಲ ಎಂಬುದನ್ನೂ ಮರೆಯಬಾರದು. ಇಲಿಗಳಲ್ಲಿ ನಿವಾಸಿ ಕೋಶಗಳಿಗೆ ಆವಶ್ಯಕವೆಂದು ಕಂಡ ಹಾಬಿಟ್ ಎಂಬ ಕಾರಕ, ಮನುಷ್ಯರಲ್ಲಿ ರಕ್ತದಲ್ಲಿ ಸಂಚರಿಸುವ ಯೋಧ ಕೋಶಗಳಲ್ಲಿಯೇ ಎದ್ದು ಕಾಣುತ್ತದೆ. ಹುಟ್ಟಿನಿಂದಲೇ ಟಿ-ಬೆಟ್ ಕೆಲಸ ಮಾಡದ ಮಗುವೊಂದರ ವಿವರ 2020ರಲ್ಲಿ ಪ್ರಕಟವಾಯಿತು. ಬಿ.ಸಿ.ಜಿ. ಲಸಿಕೆಯ ದುರ್ಬಲ ರೋಗಾಣುವೇ ಆ ಮಗುವಿನ ಮೈಯೆಲ್ಲ ಹರಡಿತ್ತು. ಆದರೆ ವೈರಸ್‌ಗಳ ವಿರುದ್ಧದ ರಕ್ಷಣೆ ಬಹುಮಟ್ಟಿಗೆ ಉಳಿದಿತ್ತು. ಒಂದು ಕಾರಕ ಕೈಕೊಟ್ಟರೆ ಇನ್ನೊಂದು ಕೆಲವು ಕಡೆ ಹೊರೆ ಹೊರುತ್ತದೆ, ಎಲ್ಲ ಕಡೆಯೂ ಅಲ್ಲ ಎಂಬ ಪಾಠ ಇದರಲ್ಲಿದೆ.

ದಣಿದ ಸೈನಿಕರು ಮತ್ತು ಅರ್ಬುದ

ಕೆಲವು ಶತ್ರುಗಳು ಬಂದು ಹೋಗುವವಲ್ಲ, ಬಂದು ನೆಲೆಸುವವು. ದೀರ್ಘಕಾಲದ ಸೋಂಕು ಮತ್ತು ಅರ್ಬುದ ರೋಗ ಅಂತಹವು. ದಿನವೂ ಅದೇ ಸಂಕೇತವನ್ನು ಎದುರಿಸುವ ಟಿ-ಕೋಶಗಳು ನೆನಪಿನ ದಾರಿ ಹಿಡಿಯಲಾರದೆ ದಣಿದುಹೋಗುತ್ತವೆ. ಈ ದಣಿವು ಕೇವಲ ಸುಸ್ತಲ್ಲ, ಅದೂ ಒಂದು ಬಗೆಯ ಬರವಣಿಗೆಯೇ. ಅದರ ಮುಖ್ಯ ಲೇಖಕ ಟಾಕ್ಸ್ ಎಂಬ ಕಾರಕವೆಂದು 2019ರಲ್ಲಿ ಹಲವು ತಂಡಗಳು ತೋರಿಸಿದವು. ದಣಿದ ಗುಂಪಿನಲ್ಲಿಯೂ ಟಿ.ಸಿ.ಎಫ್.-1 ಉಳಿಸಿಕೊಂಡ ಒಂದಷ್ಟು ಕೋಶಗಳಿರುತ್ತವೆ. ಮತ್ತೆ ಚಿಗುರುವ ಶಕ್ತಿ ಅವುಗಳದ್ದೇ. ಚರ್ಮದ ಮೆಲನೋಮ ಎಂಬ ಅರ್ಬುದದಲ್ಲಿ ಟಿ.ಸಿ.ಎಫ್.-1 ಹೊಂದಿದ ಕೋಶಗಳು ಹೆಚ್ಚಿದ್ದ ರೋಗಿಗಳಿಗೆ, 2018ರ ನೊಬೆಲ್ ಪುರಸ್ಕಾರಕ್ಕೆ ಪಾತ್ರವಾದ ಪ್ರತಿರೋಧ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾದುದು ಅದೇ ವರ್ಷ ವರದಿಯಾಯಿತು.

ಈ ವಿಷಯ ಮುಂಬಯಿಗೆ ದೂರದ್ದಲ್ಲ. ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಅರ್ಬುದವನ್ನು ಗುರುತಿಸುವ ಕೃತಕ ಗ್ರಾಹಕವನ್ನು ಅವಕ್ಕೆ ತೊಡಿಸಿ ಮರಳಿ ದೇಹಕ್ಕೆ ಹರಿಸುವ ಕಾರ್-ಟಿ ಎಂಬ ಚಿಕಿತ್ಸೆಯಿದೆ. ಐ.ಐ.ಟಿ. ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಲ್ಲಿ ರೂಪುಗೊಂಡ ಭಾರತದ ಮೊದಲ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಯವರು ಪವಯಿಯಲ್ಲಿ ಅದನ್ನು ಲೋಕಾರ್ಪಣೆ ಮಾಡಿದರು. ಕೆಲವು ಬಗೆಯ ರಕ್ತದ ಅರ್ಬುದಗಳಿಗೆ ಇದು ಆಶಾಕಿರಣ. ಆದರೆ ಹರಿಸಿದ ಕೋಶಗಳು ಎಷ್ಟು ಕಾಲ ಬಾಳುತ್ತವೆ ಎಂಬುದರ ಮೇಲೆ ಇಂತಹ ಚಿಕಿತ್ಸೆಗಳ ಫಲ ಬಹಳಷ್ಟು ನಿಂತಿದೆ. ಸ್ಮೃತಿ ಗುಣವುಳ್ಳ ಕೋಶಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಫಾಕ್ಸೋ-1ರ ಪ್ರಮಾಣವನ್ನು ಹೆಚ್ಚಿಸಿದರೆ ಇಂತಹ ಕೋಶಗಳು ಸ್ಮೃತಿ ಗುಣವನ್ನು ಪಡೆದು, ಇಲಿಗಳಲ್ಲಿ ಗೆಡ್ಡೆಗಳ ವಿರುದ್ಧ ಹೆಚ್ಚು ಕಾಲ ಹೋರಾಡುತ್ತವೆಂದು ಅಮೆರಿಕ ಮತ್ತು ಆಸ್ಟ್ರೇಲಿಯಾದ ತಂಡಗಳು 2024ರಲ್ಲಿ ತೋರಿಸಿವೆ. ಪ್ರಯೋಗಾಲಯದಿಂದ ಆಸ್ಪತ್ರೆಯ ಹಾಸಿಗೆಯವರೆಗಿನ ಹಾದಿ ದೀರ್ಘವಾದರೂ, ದಾರಿ ಯಾವ ದಿಕ್ಕಿನಲ್ಲಿದೆ ಎಂಬುದು ತಿಳಿದಿದೆ.

ತಾಯಿಯವರ ಪ್ರಶ್ನೆಗೆ ಉತ್ತರ

ಈಗ ಆರಂಭದ ಪ್ರಶ್ನೆಗೆ ಮರಳೋಣ. ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬಿನ ವೈರಸ್ ಗುಳ್ಳೆ ಮಾಯ್ದ ಮೇಲೆ ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ಅದನ್ನು ದಶಕಗಳ ಕಾಲ ಅಲ್ಲಿಯೇ ಅದುಮಿಡುವವು ಮುಖ್ಯವಾಗಿ ಸ್ಮೃತಿ ಟಿ-ಕೋಶಗಳು. ಪ್ರತಿಕಾಯಗಳು ವೃದ್ಧಾಪ್ಯದಲ್ಲಿಯೂ ಸಾಕಷ್ಟಿರುತ್ತವೆ. ಕುಗ್ಗುವುದು ಟಿ-ಕೋಶಗಳ ಬಲ. ಅದು ಒಂದು ಮಿತಿಗಿಂತ ಕೆಳಗಿಳಿದಾಗ ಅಡಗಿದ್ದ ವೈರಸ್ ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಅದೇ ಸರ್ಪಸುತ್ತು. ಹೊಸದಾಗಿ ಬಂದ ಅಮ್ಮ ಅಲ್ಲ. ಎಂಟನೆಯ ವಯಸ್ಸಿನಲ್ಲಿ ಬಂದವಳು ಮನೆಯಲ್ಲಿಯೇ ಉಳಿದಿದ್ದಳು. ಕಾವಲುಗಾರರು ಮಾತ್ರ ಮುದುಕರಾಗಿದ್ದರು. ಗುಳ್ಳೆಗಳು ಒಂದು ನರದ ಎಲ್ಲೆಯೊಳಗೆ, ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ನಿಲ್ಲುವುದರಿಂದ ತಲೆ ಬಾಲ ಕೂಡುವ ಭಯಕ್ಕೆ ಆಧಾರವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ವಯಸ್ಸಾದಂತೆ ಟಿ-ಕೋಶಗಳು ಕುಗ್ಗುವುದೇಕೆ? ಥೈಮಸ್ ಗ್ರಂಥಿ ಯೌವನದಿಂದಲೇ ಸಣ್ಣದಾಗುತ್ತ ಬಂದು, ವೃದ್ಧಾಪ್ಯದ ಹೊತ್ತಿಗೆ ಬಹುಪಾಲು ಕೊಬ್ಬಾಗಿಬಿಡುತ್ತದೆ. ಹೊಸ ಅನನುಭವಿ ಕೋಶಗಳ ಆದಾಯ ನಿಂತಂತೆಯೇ. ಇದ್ದ ಕೋಶಗಳಲ್ಲಿ, ಮುಖ್ಯವಾಗಿ ಸಿ.ಡಿ.8 ಪಂಗಡದಲ್ಲಿ, ತಕ್ಕಡಿ ಮೆಲ್ಲಗೆ ಟಿ-ಬೆಟ್ಟಿನ ಕಡೆಗೆ ವಾಲುತ್ತದೆ, ಟಿ.ಸಿ.ಎಫ್.-1 ಇರುವ ಮೂಲಧನ ಕರಗಿ, ಅಂತಿಮ ಹಂತ ತಲುಪಿದ ಕೋಶಗಳು ಪಾಲು ಹೆಚ್ಚಿಸಿಕೊಳ್ಳುತ್ತವೆ. ಠೇವಣಿ ಒಡೆದು ದಿನದ ಖರ್ಚು ನಡೆಸುವ ಸಂಸಾರದಂತೆ.

ಆದರೆ ಇದು ಕೈಚೆಲ್ಲಿ ಕೂರುವ ಸಂಗತಿಯಲ್ಲ. ಸರ್ಪಸುತ್ತನ್ನು ತಡೆಯುವ ಹೊಸ ಬಗೆಯ ಲಸಿಕೆ 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಐವತ್ತು ದಾಟಿದವರಿಗೆ ಇದನ್ನು ಎರಡು ಬಾರಿ, ನಡುವೆ ಎರಡರಿಂದ ಆರು ತಿಂಗಳ ಅಂತರವಿಟ್ಟು ನೀಡಲಾಗುತ್ತದೆ. ಇದರಲ್ಲಿ ವೈರಸ್ಸಿನ ಒಂದು ಪ್ರೋಟೀನಿನ ಜೊತೆಗೆ ಟಿ-ಕೋಶಗಳನ್ನು ಬಡಿದೆಬ್ಬಿಸುವ ಸಹಾಯಕ ದ್ರವ್ಯವೂ ಇದೆ. 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ನೂರಕ್ಕೆ ತೊಂಬತ್ತೇಳರಷ್ಟು ರಕ್ಷಣೆ ನೀಡಿತು. ಮರುವರ್ಷ ಪ್ರಕಟವಾದ ಎಪ್ಪತ್ತು ದಾಟಿದವರ ಪ್ರಯೋಗದಲ್ಲಿ ಸುಮಾರು ತೊಂಬತ್ತರಷ್ಟು. ಉಳಿದಿರುವ ನೆನಪನ್ನು ಸರಿಯಾಗಿ ಎಚ್ಚರಿಸಿದರೆ ಮುದಿ ಕಾವಲುಗಾರರೂ ಎದ್ದು ನಿಲ್ಲಬಲ್ಲರು ಎಂದಾಯಿತು. ಲಸಿಕೆ ದುಬಾರಿಯೇ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಅವರವರ ವೈದ್ಯರೇ ಹೇಳಬೇಕು. ಕೇಳುವ ಕೆಲಸ ಮಾತ್ರ ನಮ್ಮದು. ಹಾಗೆಯೇ ಒಂದು ಪಕ್ಕದಲ್ಲಿ ಸಾಲಾಗಿ ಉರಿಯುವ ಗುಳ್ಳೆಗಳು ಕಂಡರೆ, ಕೆಮ್ಮಣ್ಣು ಹುಡುಕುವ ಮೊದಲು ಆ ದಿನವೇ ವೈದ್ಯರ ಬಳಿಗೆ ಹೋಗುವುದು ಲೇಸು. ಮೂರು ದಿನಗಳೊಳಗೆ ವೈರಸ್ ನಿರೋಧಕ ಮಾತ್ರೆ ಆರಂಭವಾದರೆ ರೋಗ ಬೇಗ ತಗ್ಗುತ್ತದೆ. ನಾವು ಕಳೆದುಕೊಂಡ ಆ ನಾಲ್ಕು ದಿನಗಳನ್ನು ಈ ಬರಹ ಓದಿದ ಒಂದು ಮನೆಯಾದರೂ ಉಳಿಸಿಕೊಂಡರೆ ನಮ್ಮ ಶ್ರಮ ಸಾರ್ಥಕ.

ಊರು ಬಿಟ್ಟು ಬಂದ ನಾವೆಲ್ಲ ನೆನಪನ್ನು ಕಾಪಾಡುವುದರ ಕಷ್ಟ ಬಲ್ಲವರು. ಮಕ್ಕಳಿಗೆ ಹಾಕಿಸಿದ ಲಸಿಕೆಗಳ ಚೀಟಿಯನ್ನು ಜೋಪಾನವಾಗಿಡುವ ನಾವು, ಮನೆಯ ಹಿರಿಯರಿಗೂ ಅಂತಹದೊಂದು ಚೀಟಿ ಬೇಕೆಂಬುದನ್ನು ಮರೆಯುತ್ತೇವೆ. ನಮ್ಮ ತಾಯಿಯವರಿಗೆ ಈ ವೃತ್ತಾಂತವನ್ನೆಲ್ಲ ಸರಳವಾಗಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಮರೆತದ್ದಲ್ಲ, ನನ್ನ ಮೈಗೆ ಮರೆತದ್ದು" ಎಂದರು. ಬಳಿಕ ನಮ್ಮ ಕಡೆಗೆ ತಿರುಗಿ, "ನಿನಗೂ ಐವತ್ತು ದಾಟಿತಲ್ಲ, ವೈದ್ಯರನ್ನು ಕೇಳಿದೆಯಾ?" ಎಂದು ವಿಚಾರಿಸಿದರು. ಮರುದಿನವೇ ಹೋಗಿ ಕೇಳಿ ಬಂದೆವು.